ಯಾವ ಮಾಪದಾಗ ಹೇಳ್ರಿ?

ಕನ್ಯೆ ನೋಡಲು ನಾನು ಹೋದದ್ದು ಒಂದೇ ಮನೆಗೆ, ಆದರೆ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಹೋದಾಗ ನನ್ನಷ್ಟು ಶಾಣ್ಯಾ ಈ ಹುಬ್ಬಳ್ಳಿ-ಧಾರವಾಡದೊಳಗೆ ಇನ್ನೊಬ್ಬನಿಲ್ಲ ಅಂದುಕೊಂಡಿದ್ದೆ. ಎರಡನೇ ಸಲ ಹೋಗುವ ಹೊತ್ತಿಗೆ ಆ ಭ್ರಮೆ ಪೂರ್ತಿ ಇಳಿದಿತ್ತು. ಇಳಿಸಿದವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಆಗ ಸಾವಿರದ ಒಂಬೈನೂರಾ ಮೂವತ್ತೆಂಟು. ನನಗೆ ಇಪ್ಪತ್ತನಾಲ್ಕು ವರ್ಷ. ಇಂಟರ್ ಸೈನ್ಸ್ ಪಾಸಾಗಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಡ್ರಾಯಿಂಗ್ ಆಫೀಸಿನಲ್ಲಿ ನೌಕರಿ ಹಿಡಿದಿದ್ದೆ. ದಿನವಿಡೀ ಗಾಲಿ, ಹಲ್ಲಿನ ಚಕ್ರ, ಕೋನ, ಡಿಗ್ರಿ, ಮಿನಿಟು. ಕೋಟಿನ ಜೇಬಿನಲ್ಲಿ ಸದಾ ಸೈನ್, ಕಾಸ್, ಲಾಗ್‌ಗಳ ಪಟ್ಟಿ ಇರುವ ಒಂದು ಟೇಬಲ್ ಬುಕ್ಕು. ಅಪ್ಪ-ಅವ್ವ ಇಲ್ಲದ ನನ್ನನ್ನು ಬೆಳೆಸಿದವನು ದತ್ತು ಕಾಕಾ. "ನಮ್ಮ ತ್ರ್ಯಂಬಕ ಗಣಿತದಾಗ ಹುಲಿ" ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುವುದು ಅವನ ಚಟ. ಕೇಳಿ ಕೇಳಿ ನಾನೂ ಅದನ್ನು ನಂಬಿಬಿಟ್ಟಿದ್ದೆ.

ಕನ್ಯೆಯ ಹೆಸರು ತಾರಾಬಾಯಿ. ಧಾರವಾಡದ ಕಾಲೇಜಿನಲ್ಲಿ ಇಂಟರ್ ಸೈನ್ಸ್ ಓದುತ್ತಿದ್ದಳು. ಅವಳಿಗೂ ತಂದೆ-ತಾಯಿ ಇರಲಿಲ್ಲ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಅಜ್ಜಿ ಅಂಬಾಬಾಯಿ ಅವಳನ್ನು ಸಾಕಿದ್ದರು.

ರವಿವಾರ ಮುಂಜಾನೆಯ ರೈಲಿಗೆ ನಾನು, ಕಾಕಾ ಧಾರವಾಡಕ್ಕೆ ಹೋದೆವು. ಜಮಖಾನೆ ಹಾಸಿದ್ದರು. ಶಿರಾ ಬಂತು, ಉಪ್ಪಿಟ್ಟು ಬಂತು, ಚಹಾದ ತಾಟು ಹಿಡಿದು ಅವಳೂ ಬಂದಳು.

ಹಸಿರು ಇಳಕಲ್ ಸೀರೆ, ಹೆರಳಲ್ಲಿ ಅಬ್ಬಲಿಗೆ, ಸಣ್ಣ ಮೂಗಬೊಟ್ಟು. ಕಪ್ಪು ಕೊಡಲು ಬಾಗಿದಾಗ ಬಲಗೈಯ ನಡುಬೆರಳಿಗೆ ಮಸಿ ಹತ್ತಿದ್ದು ಕಂಡಿತು. ಕನ್ಯೆ ತೋರಿಸುವ ದಿನ ಮೈಗೆಲ್ಲ ಅರಿಷಿಣ ಹಚ್ಚಿ ತಿಕ್ಕಿರುತ್ತಾರೆ. ಆದರೂ ಆ ಮಸಿ ಹೋಗಿರಲಿಲ್ಲ. ಅದೆಷ್ಟು ಬರೆಯುತ್ತಾಳಪ್ಪಾ ಈಕೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಆ ಬೆರಳಿನಿಂದ ಕಣ್ಣು ತೆಗೆಯಲು ನನಗೆ ಆಗಲೇ ಇಲ್ಲ.

ಕಾಕಾ ಗಂಟಲು ಸರಿಮಾಡಿಕೊಂಡ. "ಹಾಡು ಬರತದೇನವಾ?"

"ಇಲ್ರಿ."

"ಹೊಲಿಗಿ?"

"ಬರತದರಿ. ಛಲೋ ಬರೂದಿಲ್ಲ."

ಅಂಬಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗು ತಡೆದರು. ಕಾಕಾ ನನ್ನ ತೊಡೆಗೆ ತಿವಿದ. "ಗಣಿತದಾಗ ಶಾಣ್ಯಾಳಂತಲ್ಲ. ನಮ್ಮ ಹುಲಿನೂ ಇಲ್ಲೇ ಕೂತದ. ಕೇಳೋ ತ್ರ್ಯಂಬಕ, ಎರಡು ಮಾತು."

ನನಗೂ ಅದೇ ಬೇಕಿತ್ತು. ಡೆರಿವೇಟಿವ್ ಕೇಳೋಣ ಅಂತ ನಿರ್ಧರಿಸಿದೆ. ಈ ಹೆಸರು ಕೇಳಿ ಯಾರೂ ಗಾಬರಿಯಾಗಬೇಡಿ. ಒಂದು ಸಂಖ್ಯೆ ಸ್ವಲ್ಪ ಸರಿದರೆ ಅದನ್ನು ನಂಬಿಕೊಂಡ ಇನ್ನೊಂದು ಎಷ್ಟು ವೇಗವಾಗಿ ಸರಿಯುತ್ತದೆ ಅನ್ನುವ ಲೆಕ್ಕ, ಅಷ್ಟೇ. ನಾನಂತೂ ಆ ಪಟ್ಟಿಯನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ.

"ಎಕ್ಸ್ ಕ್ಯೂಬ್?" ಅಂದೆ.

"ತಲಿಮ್ಯಾಲಿನ ಮೂರು ಕೆಳಗಿಳಸೂದು, ತಲಿಮ್ಯಾಲ ಒಂದು ಕಡಿಮಿ ಮಾಡೂದು. ಥ್ರೀ ಎಕ್ಸ್ ಸ್ಕ್ವೇರ್."

"ಲಾಗ್ ಎಕ್ಸ್?"

"ಒನ್ ಬೈ ಎಕ್ಸ್."

ದನಿಯಲ್ಲಿ ಅಳುಕಿಲ್ಲ, ಬಿಂಕವೂ ಇಲ್ಲ. ಹಿತ್ತಲಿನ ಬಾವಿಗೆ ಎಷ್ಟು ಮೊಳ ಹಗ್ಗ ಬೇಕು ಅಂತ ಹೇಳಿದಷ್ಟು ಸಲೀಸಾಗಿ ಹೇಳಿದಳು. ನನ್ನ ಕೈ ತಾನಾಗಿ ಜೇಬಿನ ಟೇಬಲ್ ಬುಕ್ಕಿನ ಮೇಲೆ ಹೋಯಿತು. ಇನ್ನೊಂದು ಕೇಳಿ ಮುಗಿಸಿಬಿಡೋಣ ಅಂತ, "ಸೈನ್ ಎಕ್ಸ್?" ಅಂದೆ. ಎಲ್ಲಕ್ಕಿಂತ ಸುಲಭದ್ದು. ಸೈನ್ ಎಕ್ಸ್‌ನ ಡೆರಿವೇಟಿವ್ ಕಾಸ್ ಎಕ್ಸ್.

ಅವಳು ಉತ್ತರ ಹೇಳಲಿಲ್ಲ. ಮೊದಲ ಸಲ ಕಣ್ಣೆತ್ತಿ ನನ್ನನ್ನು ನೇರವಾಗಿ ನೋಡಿದಳು. ಕಂದು ಕಣ್ಣು, ಎಡಹುಬ್ಬು ತುಸು ಮೇಲೆ.

"ಯಾವ ಮಾಪದಾಗ ಹೇಳ್ರಿ?"

"ಅಂದ್ರ?"

"ಕೋನ ಯಾವ ಮಾಪದಾಗ ಅಳೀತೀರಿ?"

ನಾನು ನಕ್ಕೆ. ಅಯ್ಯೋ ದೇವರೇ, ಗಟ್ಟಿಯಾಗಿ ನಕ್ಕೆ. "ಡಿಗ್ರಿಯೊಳಗ ಅಳೀತಾರ. ಮತ್ತೇನು ಸೇರಿನ್ಯಾಗ ಅಳೀತಾರೇನು?"

ಕಾಕಾ ಹೋ ಅಂತ ನಕ್ಕ. ಅವನಿಗೆ ಏನೂ ತಿಳಿದಿರಲಿಲ್ಲ, ಆದರೂ ನಕ್ಕ.

ಅವಳ ಕಿವಿ ಕೆಂಪಾಯಿತು. "ಡಿಗ್ರಿಯೊಳಗಾದ್ರ ಕಾಸ್ ಎಕ್ಸ್ ಅಲ್ರಿ," ಅಂದಳು. "ನಿಮ್ಮ ಕಿಸೇದಾಗ ಟೇಬಲ್ ಬುಕ್ ಅದ. ತಗದು ನೋಡ್ರಿ."

ಖಾಲಿ ಕಪ್ಪುಗಳನ್ನು ತಾಟಿನಲ್ಲಿಟ್ಟುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ತಿರುಗಿ ಬರುವಾಗ ರೈಲಿನಲ್ಲಿ ಕಾಕಾ ತಪಕೀರು ಏರಿಸಿ ಸೀನಿ, ತೀರ್ಪು ಕೊಟ್ಟ. "ರೂಪ ಛಲೋ ಅದ, ಬ್ಯಾಡ ಅನ್ನೂದಿಲ್ಲ. ಆದ್ರ ಎದುರು ಮಾತಾಡತಾಳ. ಅದೂ ತಪ್ಪು ಉತ್ತರ ಕೊಟ್ಟು ಎದುರು ಮಾತಾಡತಾಳ! ನಾಳೆ ಬ್ಯಾಡಂತ ಕಾಗದ ಹಾಕತೇನಿ."

ನಾನು ಹೂಂ ಅಂದೆ. ಟೇಬಲ್ ಬುಕ್ಕು ಜೇಬಿನಲ್ಲೇ ಇತ್ತು, ತೆಗೆದು ನೋಡಲಿಲ್ಲ. ನೋಡುವುದಕ್ಕೇನಿದೆ? ಆದರೂ ಆ ಹುಬ್ಬು ಮಾತ್ರ ಹುಬ್ಬಳ್ಳಿಯವರೆಗೂ ನನ್ನ ಸಂಗಡ ಬಂತು.

ಮರುದಿನ ಆಫೀಸಿನಲ್ಲಿ ಒಂದು ಹಲ್ಲಿನ ಚಕ್ರದ ನಕ್ಷೆ ಬರೆಯುತ್ತಿದ್ದೆ. ಮೂವತ್ತು ಡಿಗ್ರಿಯ ಸೈನ್ ಬೇಕಿತ್ತು. ಪುಸ್ತಕ ತೆಗೆದೆ. ಪಾಯಿಂಟ್ ಐದು. ಕಣ್ಣು ತಾನಾಗಿ ಕೆಳಗಿನ ಸಾಲಿಗೆ ಇಳಿಯಿತು. ಮೂವತ್ತೊಂದು ಡಿಗ್ರಿಗೆ ಪಾಯಿಂಟ್ ಐದು ಒಂದು ಐದು. ಒಂದು ಡಿಗ್ರಿ ಸರಿದರೆ ಸೈನ್ ಸರಿಯುವುದು ಬರೀ ಪಾಯಿಂಟ್ ಸೊನ್ನೆ ಒಂದು ಐದು.

ನನ್ನ ಬಾಯಿಪಾಠದ ಪ್ರಕಾರ ಅದು ಹತ್ತಿರಹತ್ತಿರ ಮೂವತ್ತರ ಕಾಸ್‌ನಷ್ಟು ಸರಿಯಬೇಕು. ಅಂದರೆ ಪಾಯಿಂಟ್ ಎಂಟು ಆರು ಆರು. ಎಲ್ಲಿಯ ಎಂಟು ಆರು ಆರು, ಎಲ್ಲಿಯ ಸೊನ್ನೆ ಒಂದು ಐದು! ಭಾಗಿಸಿ ನೋಡಿದೆ. ಐವತ್ತೇಳು ಪಟ್ಟು ಚಿಲ್ಲರೆ ವ್ಯತ್ಯಾಸ. ಬೇರೆ ಬೇರೆ ಕೋನ ಹಿಡಿದು ನೋಡಿದೆ. ಹತ್ತು, ಇಪ್ಪತ್ತು, ನಲವತ್ತು. ಎಲ್ಲ ಕಡೆಗೂ ಆ ಐವತ್ತೇಳರ ಆಸುಪಾಸೇ ಬಂತು.

ಪೆನ್ಸಿಲು ಕೆಳಗಿಟ್ಟು ಕೂತೆ.

ಅಷ್ಟರಲ್ಲಿ ನಕ್ಷೆ ಒಯ್ಯಲು ನಿಜಾಮುದ್ದೀನ ಮಿಸ್ತ್ರಿ ಬಂದರು. ಹಳೇ ಹುಬ್ಬಳ್ಳಿಯವರು, ಮೂವತ್ತು ವರ್ಷ ಅನುಭವದ ಫಿಟ್ಟರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ಯಾಕ್ರಿ ಸಾಹೇಬ್ರ, ಮಾರಿ ಹಿಂಗ್ಯಾಕ ಮಾಡೀರಿ?" ಅಂದರು. ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿ ಎಲ್ಲ ಹೇಳಿಬಿಟ್ಟೆ. ಕನ್ಯೆ ಕೇಳಿದ್ದು, ನಾನು ನಕ್ಕಿದ್ದು, ಎಲ್ಲ.

ಮಿಸ್ತ್ರಿ ಗಡ್ಡ ಕೆರೆದುಕೊಂಡರು. "ನಿಮ್ಮ ಸೈನು-ಗೀನು ನನಗ ತಿಳಿಯಂಗಿಲ್ಲ. ಆದ್ರ ಒಂದು ಮಾತು. ಯಾರರ ಬಂದು ನಾಕರ ಬೋಲ್ಟ್ ಕೊಡು ಅಂದ್ರ ನಾ ಏನು ಕೇಳತೇನಿ? ನಾಕು ಇಂಚೋ, ಇಂಚಿನ ಎಂಟನೇ ಪಾಲಿನ ನಾಕು ಸೂತೋ ಅಂತ ಕೇಳತೇನಿ. ಕೇಳದ ಕೊಟ್ಟಾಂವ ಫಿಟ್ಟರ್ ಹೆಂಗ ಆಗತಾನ್ರಿ? ಆ ಹುಡುಗಿ ಕೇಳಿದ್ದೂ ಅದನ್ನ ಐತಲ್ಲ."

ಕಾಲೇಜಿನಲ್ಲಿ ಎಂದೋ ಒಂದು ದಿನ ಕಲಿತು, ಪರೀಕ್ಷೆ ಮುಗಿದ ಮರುದಿನ ಮರೆತ ಪಾಠ ಆಗ ನೆನಪಾಯಿತು. ಕೋನಕ್ಕೆ ಡಿಗ್ರಿಯಲ್ಲದೆ ರೇಡಿಯನ್ ಅನ್ನುವ ಇನ್ನೊಂದು ಮಾಪವೂ ಇದೆ, ವೃತ್ತದ ಅರೆವ್ಯಾಸದ ಉದ್ದದಿಂದ ಅಳೆಯುವಂಥದು. ಎದ್ದು ಶಾಪಿಗೆ ಓಡಿದೆ. ಮಿಸ್ತ್ರಿಯ ಕೈಯಲ್ಲಿ ಒಂದು ಗಾಲಿ ಹಿಡಿಸಿ, ನಡುವಿನಿಂದ ಅಂಚಿನವರೆಗೆ ದಾರ ಹಿಡಿದು ಕತ್ತರಿಸಿದೆ. ಅದೇ ದಾರವನ್ನು ಅಂಚಿನ ಮೈಮೇಲೆ ಸುತ್ತಿ, ಎರಡೂ ತುದಿಗೆ ಸೀಮೆಸುಣ್ಣದ ಗುರುತು ಮಾಡಿ, ನಡುವಿನಲ್ಲಿ ಎಷ್ಟು ಕೋನವಾಯಿತು ಅಂತ ಅಳೆದೆ.

ಐವತ್ತೇಳು ಡಿಗ್ರಿ, ಮೇಲೆ ಚೂರು.

ಅದೇ ಐವತ್ತೇಳು! ಕೋನವನ್ನು ಆ ದಾರದಿಂದ ಅಳೆದರೆ ಮಾತ್ರ ಸೈನ್‌ನ ಡೆರಿವೇಟಿವ್ ಕಾಸ್. ಡಿಗ್ರಿಯಲ್ಲಿ ಅಳೆದರೆ ಅದರ ಐವತ್ತೇಳರಲ್ಲಿ ಒಂದು ಪಾಲು. ಅವಳು ಕೇಳಿದ್ದು ಪ್ರಶ್ನೆಯಲ್ಲ, ಉತ್ತರದ ಮೊದಲ ಅರ್ಧವೇ ಅದು. ಆ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎಂಥ ಹುಡುಗಿಯಪ್ಪಾ ಅಂತ ಬಾಯಿಬಿಟ್ಟು ಹೇಳಿದೆ. ಮಿಸ್ತ್ರಿ ಮೀಸೆಯಲ್ಲೇ ನಕ್ಕರು. "ಗಾಲಿ ನೋಡಿ ಹಿಂಗ ಮಾಡಿದಾಂವನ್ನ ನಾ ಇವತ್ತಽ ಮೊದಲ ನೋಡಿದ್ನಿ."

ಸಂಜೆ ಮನೆಗೆ ಓಡಿದೆ. ಕಾಕಾ ಬೆಳಿಗ್ಗೆಯೇ ಕಾಗದ ಹಾಕಿಬಿಟ್ಟಿದ್ದ. "ಏನಂತ ಬರದಿ?" ಅಂದರೆ, "ಹುಡುಗಿಗೆ ಗಣಿತ ಬರೂದಿಲ್ಲ ಅಂತ ಬರದೆ," ಅಂದ ಪುಣ್ಯಾತ್ಮ.

ತಲೆ ಮೇಲೆ ಕೈ ಹೊತ್ತು ಕೂತೆ. ಗಣಿತ ಬರುವುದಿಲ್ಲ! ಆ ಮನೆಯಲ್ಲಿ ಈಗ ಆ ಕಾಗದ ಓದುತ್ತಾರೆ. ಮಸಿ ಬೆರಳಿನ ಆ ಹುಡುಗಿ ಓದುತ್ತಾಳೆ. ನನಗೆ ಅವಳು ಬೇಕಾಗಿದ್ದಳು, ನೋಡಿದ ಗಳಿಗೆಯಿಂದ ಬೇಕಾಗಿದ್ದಳು. ಕೈಗೆ ಬಂದದ್ದನ್ನು ನನ್ನ ಬಾಯಿಂದಲೇ ಕಳೆದುಕೊಂಡಿದ್ದೆ.

ಮುಚ್ಚಿದ ಪಾಕೀಟು ಬೇಡ ಅಂತ ಪೋಸ್ಟ್ ಕಾರ್ಡು ತಂದೆ. ನಾಲ್ಕು ಜನರ ಮುಂದೆ ನಕ್ಕವನು ನಾಲ್ಕು ಜನರಿಗೆ ಕಾಣುವಂತೆಯೇ ತಪ್ಪು ಒಪ್ಪಿಕೊಳ್ಳಬೇಕು. ಪೋಸ್ಟಮನ್ ಓದಲಿ, ಓಣಿಯವರೆಲ್ಲ ಓದಲಿ.

"ಗಂಗಾಭಾಗೀರಥಿ ಸಮಾನ ಅಂಬಾಬಾಯಿಯವರಿಗೆ ತ್ರ್ಯಂಬಕನ ಸಾಷ್ಟಾಂಗ ನಮಸ್ಕಾರ. ನನ್ನ ಕಾಕಾನ ಕಾಗದ ತಪ್ಪು. ಅದಕ್ಕಿಂತ ಮೊದಲಿನ ನನ್ನ ನಗೆ ತಪ್ಪು. ಟೇಬಲ್ ಬುಕ್ ತೆಗೆದು ನೋಡಿದೆ. ಮೂವತ್ತೊಂದರ ಸೈನ್‌ನಲ್ಲಿ ಮೂವತ್ತರದನ್ನು ಕಳೆದರೆ ಪಾಯಿಂಟ್ ಸೊನ್ನೆ ಒಂದು ಐದು. ನಿಮ್ಮ ಮೊಮ್ಮಗಳ ಮಾತು ಖರೇ. ಗಣಿತ ಬಾರದವನು ನಾನು. ಸಾಧ್ಯವಾದರೆ ಕ್ಷಮಿಸಬೇಕು."

ಎಂಟು ದಿನ ಉತ್ತರವಿಲ್ಲ. ಆ ಎಂಟು ದಿನ ನಾನು ಬರೆದ ನಕ್ಷೆಗಳನ್ನೆಲ್ಲ ಆಮೇಲೆ ತಿದ್ದಬೇಕಾಯಿತು. ಒಂಬತ್ತನೇ ದಿನ ಕಾರ್ಡು ಬಂತು. ಮಾಸ್ತರಿಕೆಯ ದುಂಡು ಅಕ್ಷರ, ಎರಡೇ ಸಾಲು: "ಬರುವ ರವಿವಾರ ಬರಬೇಕು. ಕಾಕಾ ಅವರನ್ನೂ ಕರೆತರಬೇಕು. ಈ ಸಲ ನಾವು ನೋಡುತ್ತೇವೆ."

ಕಾಕಾ ಹೌಹಾರಿದ. "ವರನ ಕಡಿಯವರು ನಾವು! ಹೆಣ್ಣಿನ ಮನ್ಯಾಗ ಹೋಗಿ ಕಿವಿ ಹಿಡಕೊಂಡು ನಿಂದರತೀಯೇನೋ?"

"ನಿಂದರತೇನಿ, ಕಾಕಾ. ನೀನೂ ಸಂಗಡ ಬಾ."

"ನಾ ಯಾಕ?"

"ನಕ್ಕಾವ್ರು ಇಬ್ರು."

ಅವನು ಗೂಟದ ಮೇಲಿನ ರುಮಾಲು ತೆಗೆದು ಜಾಡಿಸಿದ.

ಅದೇ ಜಮಖಾನೆ. ಈ ಸಲ ನಮ್ಮನ್ನು ಒಂದು ಬದಿಗೆ ಕೂಡಿಸಿ, ಅಂಬಾಬಾಯಿ ಗೋಡೆಗೆ ಒರಗಿ ಎದುರಿಗೆ ಕೂತರು. ಬರೀ ಚಹಾ ಬಂತು.

"ಶಿರಾ ಮಾಡಿಲ್ಲರಿ ಈ ಸಲ," ಅಂದರು ಅಜ್ಜಿ. "ಹುಡುಗ ಪಾಸಾದ್ರ ಮಾಡೂಣಂತ."

ತಾರಾ ಬಂದು ಅಜ್ಜಿಯ ಪಕ್ಕ ಕೂತಳು. ಸಾದಾ ಸೀರೆ. ಬೆರಳಿಗೆ ಅದೇ ಮಸಿ. ನಾನು ತಲೆ ತಗ್ಗಿಸಿದೆ. ತಗ್ಗಿಸಿ ಕೂತವರಿಗೆ ಎಷ್ಟು ಕಷ್ಟ ಅನ್ನುವುದು ಆವತ್ತು ತಿಳಿಯಿತು. ಎಲ್ಲರ ಕಾಲು ಕಾಣುತ್ತವೆ, ಯಾರ ಮುಖವೂ ಕಾಣುವುದಿಲ್ಲ.

"ಹಾಡು ಬರತದೇನ್ರಿ?" ಅಂದಳು.

"ಇಲ್ರಿ."

"ಚಹಾ ಮಾಡ್ಲಿಕ್ಕೆ?"

"ಬರತದರಿ. ಛಲೋ ಬರೂದಿಲ್ಲ."

ಅಜ್ಜಿ ಮತ್ತೆ ಸೆರಗು ಬಾಯಿಗೆ ಹಿಡಿದರು. ಕಾಕಾ ರುಮಾಲು ಸರಿಮಾಡಿಕೊಂಡ.

"ಹಂಗಾರ ಅಂದು ನಕ್ಕದ್ದು ಯಾಕ ಹೇಳ್ರಿ," ಅಂದಳು. ಈಗ ಅವಳ ದನಿಯಲ್ಲಿ ಆಟವಿರಲಿಲ್ಲ. "ಕಾಲೇಜಿನಾಗ ನಮ್ಮ ವರ್ಗದಾಗ ನಾ ಒಬ್ಬಾಕಿನಽ ಹುಡುಗಿ. ಪ್ರೊಫೆಸರ್ ಬಂದ ಮ್ಯಾಲ ಅವರ ಬೆನ್ನ ಹಿಂದ ಒಳಗ ಹೋಗಬೇಕು, ಅವರ ಹಿಂದನಽ ಹೊರಗ ಬರಬೇಕು. ಏನರ ಕೇಳಿದ್ರ ಹಿಂದಿನ ಬೆಂಚಿನವರು ನಗತಾರ. ಅದು ರೂಢಿ ಆಗೇದ. ಆದ್ರ ನಮ್ಮ ಮನೀಗೇ ಬಂದು, ನಮ್ಮ ಚಹಾ ಕುಡದು ನಕ್ಕವರು ನೀವಽ ಮೊದಲಿನವರು."

ತಲೆ ಎತ್ತಿದೆ.

"ಹೆದರಿಕಿಗೆ ನಕ್ಕೆ ನೋಡ್ರಿ," ಅಂದೆ. "ನೀವು ಲಾಗ್ ಎಕ್ಸ್ ಹೇಳಿದ ಕೂಡಲೆ ನಂಗ ತಿಳದಿತ್ತು, ಈಕಿ ನನಗಿಂತ ಭಾಳ ಮುಂದ ಇದ್ದಾಳಂತ. ನಾ ಬಾಯಿಪಾಠ ಮಾಡಿದಾಂವ. ನೀವು ತಿಳಕೊಂಡಾವ್ರು. ಹುಲಿ ಅಂತ ಕರಕೊಂಡು ಬಂದಾರಲ್ಲ, ಬಣ್ಣ ಹೋಗತದಂತ ಹೆದರಿದೆ. ಖರೇ ಹೇಳಬೇಕಂದ್ರ ಅವತ್ತಿನಿಂದ ನಾ ಸರಿಯಾಗಿ ಊಟಾ ಮಾಡಿಲ್ಲ. ನೀವು ನನ್ನ ಒಲ್ಲೆ ಅಂದ್ರೂ ನಡೀತದ. ಆದ್ರ ನಿಮಗ ಗಣಿತ ಬರೂದಿಲ್ಲ ಅಂದ ಮನಶ್ಯಾ ಅಂತ ನನ್ನ ನೆನಪು ಇಟಗೋಬ್ಯಾಡ್ರಿ."

ಕಾಕಾ ಮೆಲ್ಲಗೆ, "ಆ ಕಾಗದ ನಂದವಾ. ತಪ್ಪಾತು," ಅಂದ. ನನ್ನ ಕಾಕಾ ಯಾರಿಗೂ ತಪ್ಪಾಯಿತು ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ತಾರಾ ಸೆರಗಿನ ಅಂಚನ್ನು ಮಸಿಬೆರಳಿಗೆ ಸುತ್ತಿ ಬಿಚ್ಚಿದಳು. ಎಡಹುಬ್ಬು ನಿಧಾನಕ್ಕೆ ಮೇಲಕ್ಕೆ ಹೋಯಿತು. ಅದನ್ನು ನೋಡಿ ನನಗೆ ಹೋದ ಜೀವ ಬಂತು.

"ಒಂದಽ ಪ್ರಶ್ನೆ ಉಳೀತು," ಅಂದಳು. "ಎಕ್ಸ್‌ನ ತಲಿಮ್ಯಾಲ ಇನ್ನೊಂದು ಎಕ್ಸ್. ಅದರ ಡೆರಿವೇಟಿವ್?"

ಆಹಾ, ಇದೇನು ಮಹಾ! ತಲೆಯ ಮೇಲಿನದನ್ನು ಕೆಳಗಿಳಿಸು, ಮೇಲೆ ಒಂದು ಕಡಿಮೆ ಮಾಡು. ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಕಾಕಾ ಪಕ್ಕದಿಂದ ತಿವಿದು, "ಲಗೂ ಹೇಳೋ," ಅಂದ.

ಅಷ್ಟರಲ್ಲಿ ಅವಳ ಕಣ್ಣು ಕಂಡಿತು. ಅಂದು ಮಾಪ ಕೇಳಿದಾಗ ಇದ್ದ ಕಣ್ಣು ಅದೇ. ನಾನು ಬಾಯಿ ಮುಚ್ಚಿದೆ. ಯೋಚಿಸಿದೆ. ಆ ನಿಯಮ ತಲೆಯ ಮೇಲೆ ಮೂರೋ ನಾಲ್ಕೋ ಇದ್ದಾಗಿನದು, ಕದಲದೆ ಕೂತ ಅಂಕಿಗೆ. ಇಲ್ಲಿ ಮೇಲಿನದೂ ಕದಲುತ್ತದೆ. ಮುಂದೆ ಏನು ಮಾಡಬೇಕೋ ಹೊಳೆಯಲಿಲ್ಲ. ಚಹಾ ಆರಿತು. ಕಾಕಾ ಮತ್ತೆ ತಿವಿದ.

"ನಂಗ ಗೊತ್ತಿಲ್ಲರಿ," ಅಂದೆ. "ಒಂದು ತಪ್ಪು ಉತ್ತರ ಬಾಯಿತನಕ ಬಂದಿತ್ತು, ನುಂಗಿದೆ. ಖರೇ ಉತ್ತರ ಗೊತ್ತಿಲ್ಲ. ನೀವಽ ಕಲಸ್ರಿ."

ಕಾಕಾ ಹಣೆ ಬಡಿದುಕೊಂಡ. "ಮುಗೀತಪ್ಪಾ."

ತಾರಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಈ ನೋಟ ಬೇರೆ ಇತ್ತು. ಇದರಲ್ಲಿ ಪರೀಕ್ಷೆ ಇರಲಿಲ್ಲ.

"ಕೆಳಗಿಂದೂ ಬದಲಾಗತದ, ಮ್ಯಾಲಿಂದೂ ಬದಲಾಗತದ," ಅಂದಳು ಮೆಲ್ಲಗೆ. "ಮೊದಲ ಲಾಗ್ ತಗೋಬೇಕ್ರಿ. ಆವಾಗ ಮ್ಯಾಲೆ ಕೂತದ್ದು ತಾನಽ ಕೆಳಗ ಬಂದು ಬಾಜೂಕ ನಿಂದರತದ. ಉಳದದ್ದು ಹಗರ ಆಗತದ. ನಾ ಕಲಸತೇನಿ. ಆದ್ರ ನನಗ ಮೊದಲ ಬಿ.ಎಸ್ಸಿ. ಮುಗಸಬೇಕು. ಇಂಟರ್ ಆದ ಮ್ಯಾಲ ಇನ್ನೂ ಎರಡು ವರ್ಷ. ಅಲ್ಲೀತನಕ ಲಗ್ನದ ಮಾತು ಬ್ಯಾಡ. ಕಾಯತೀರೇನು?"

"ಎರಡು ವರ್ಷ!" ಅಂತ ಕಾಕಾ ಬಾಯಿ ತೆಗೆದ.

"ಕಾಯತೇನಿ," ಅಂದೆ.

"ನೌಕರಿ ಹಿಡದ ಹುಡುಗ, ಮಂದಿ ಕನ್ಯಾ ತೋರಸ್ಲಿಕ್ಕೆ ಬರ್ತಾರ."

"ಬರಲಿ. ನನ್ನದು ನೋಡಿ ಆಗೇದ."

ಅವಳ ಕಿವಿ ಅಂದಿನ ಹಾಗೆಯೇ ಕೆಂಪಾಯಿತು. ಅಂದು ಯಾಕೆ ಕೆಂಪಾಗಿತ್ತು, ಈಗ ಯಾಕೆ ಅನ್ನುವ ವ್ಯತ್ಯಾಸ ತಿಳಿಯದಷ್ಟು ದಡ್ಡ ನಾನಲ್ಲ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಪ್ಪುಗಳನ್ನು ತಾಟಿನಲ್ಲಿ ಇಟ್ಟುಕೊಂಡು ಎದ್ದು ಒಳಗೆ ಹೋದಳು, ಮೊದಲ ಸಲ ಹೋದ ಹಾಗೆಯೇ.

ಅಜ್ಜಿ ಗೋಡೆಗೊರಗಿ ಸುಮ್ಮನೆ ಕೂತಿದ್ದರು. ಕಾಕಾ ತಪಕೀರಿನ ಡಬ್ಬಿ ತೆರೆದು ಮುಚ್ಚಿದ. ನಾನು ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ. ಒಂದು ಪಾತ್ರೆ ಇಳಿಸಿದ ಸದ್ದು. ಒಲೆ ಊದಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ.

ಕೊನೆಗೆ ಬಾಣಲೆಯಲ್ಲಿ ಸೌಟು ಆಡುವ ಸದ್ದು ಕೇಳಿತು. ತುಪ್ಪದಲ್ಲಿ ರವೆ ಹುರಿಯುವ ಘಮ ಪಡಸಾಲೆಗೆ ಬಂತು.

"ಪಾಸಾದ್ರಿ ನೋಡ್ರಿ," ಅಂದರು ಅಜ್ಜಿ. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಹೇಳಲು ಯಾಕೆ ನಾಚಿಕೆ.

ತಾರಾ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಒಲೆಯ ಝಳಕ್ಕೆ ಹಣೆಯ ಮೇಲೆ ಬೆವರು, ಮೂಗಬೊಟ್ಟು ಮಿಂಚುತ್ತಿತ್ತು.

"ಸಕ್ಕರಿ ಎಷ್ಟು ಹಾಕಲಿ?" ಅಂತ ನನ್ನನ್ನೇ ಕೇಳಿದಳು.

"ಒಂದು," ಅಂದೆ ಗಡಬಡಿಸಿ.

"ಒಂದು ಏನ್ರಿ? ಚಮಚಾ ಒಂದೋ, ಸೇರು ಒಂದೋ?" ಹುಬ್ಬು ಮೇಲೆ ಹೋಯಿತು. "ಯಾವ ಮಾಪದಾಗ ಹೇಳ್ರಿ?"

ಮೊದಲು ಅಜ್ಜಿ ನಕ್ಕರು. ಆಮೇಲೆ ಕಾಕಾ, ಈ ಸಲ ಪೂರ್ತಿ ತಿಳಿದು ನಕ್ಕ. ಕಡೆಗೆ ಅವಳೂ ತಡೆಯಲಾರದೆ, ಸೌಟು ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳ ನಗು ನಾನು ನೋಡಿದ್ದು ಅದೇ ಮೊದಲು.

"ಸೇರು," ಅಂದೆ.

ಅವತ್ತಿನ ಶಿರಾ ಬಾಯಿಗಿಡಲಾರದಷ್ಟು ಸಿಹಿಯಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.